ಅಳತೆ ಬ್ಲೌಸು ಬದಲಿಸುವ ಹೊತ್ತು

ದಾವಣಗೆರೆಯ ಚೌಕಿಪೇಟೆಯಲ್ಲಿ ಸೀರೆ ತಗೊಂಡು ಟೈಲರ್ ಹತ್ತಿರ ಹೋದರೆ ಮೊದಲು ಕೇಳುವ ಮಾತು ಒಂದೇ: "ಅಳತೆ ಬ್ಲೌಸ್ ತಂದೀರೇನ್ರಿ ಅಕ್ಕಾ?" ನಲವತ್ತೈದು ದಾಟಿದವರು ಕೈಚೀಲದಿಂದ ತೆಗೆದು ಕೊಡುವುದು ಸಾಮಾನ್ಯವಾಗಿ ಐದಾರು ವರ್ಷದ ಹಿಂದೆ ಚೆನ್ನಾಗಿ ಕೂತಿದ್ದ ಬ್ಲೌಸನ್ನೇ. "ಇದರಂಗೇ ಹೊಲೀರಿ, ಸ್ವಲ್ಪ ಲೂಸ್ ಇರ್ಲಿ" ಅಂತ ಒಂದು ಮಾತು ಸೇರಿಸುತ್ತಾರೆ. ತೊಂದರೆ ಹುಟ್ಟುವುದು ಆ "ಸ್ವಲ್ಪ ಲೂಸ್"ನಲ್ಲಿ. ಟೈಲರ್ ಎರಡು ಪಕ್ಕಕ್ಕೂ ಅರ್ಧರ್ಧ ಇಂಚು ಬಿಡುತ್ತಾರೆ, ಎದೆ ಸುತ್ತಳತೆ ಸರಿಹೋಗುತ್ತದೆ. ಆದರೆ ಕಂಕುಳು ಹಿಡಿಯುತ್ತದೆ, ತೋಳು ಕಚ್ಚುತ್ತದೆ, ಮುಂದಿನ ಟಕ್ಸ್ (ಎದೆಯ ಆಕಾರಕ್ಕೆ ಹಾಕುವ ಮಡಿಕೆ ಹೊಲಿಗೆ) ಇರಬೇಕಾದ ಜಾಗಕ್ಕಿಂತ ಒಂದು ಇಂಚು ಮೇಲೆ ಕೂರುತ್ತದೆ, ಬೆನ್ನಿನ ಕಡೆ ಕುತ್ತಿಗೆ ಬಾಯಿ ಬಿಡುತ್ತದೆ. ಹಾಕಿಕೊಂಡು ಕನ್ನಡಿ ಮುಂದೆ ನಿಂತವರು ಬಟ್ಟೆಯನ್ನು ಬೈಯುವುದಿಲ್ಲ, "ನಂಗ ವಯಸ್ಸಾತು ಬಿಡು" ಅಂದುಕೊಳ್ಳುತ್ತಾರೆ. ಮೈ ತಪ್ಪು ಮಾಡಿಲ್ಲ. ಅಳತೆ ಹಳೆಯದಾಗಿದೆ, ಅಷ್ಟೇ.

ನಡುವಯಸ್ಸಿನ ಹೆಂಗಸು ಏನು ಉಡಬೇಕು ಅನ್ನುವುದಕ್ಕೆ ನಮ್ಮ ಕಡೆ ಉತ್ತರ ಕೊಡುವವರಿಗೆ ಬರವಿಲ್ಲ. ಓರಗಿತ್ತಿ ಹೇಳುತ್ತಾಳೆ, ಮದುವೆ ಮನೆಯಲ್ಲಿ ಪಕ್ಕದ ಕುರ್ಚಿಯವರು ಹೇಳುತ್ತಾರೆ, ಬೆಳೆದ ಮಕ್ಕಳೂ ಹೇಳುತ್ತಾರೆ. ಅವರೆಲ್ಲ ಹೇಳುವುದು ಬಣ್ಣದ ಬಗ್ಗೆ, ತೋಳಿನ ಉದ್ದದ ಬಗ್ಗೆ, ಸೀರೆಯೋ ಚೂಡಿದಾರವೋ ಅನ್ನುವುದರ ಬಗ್ಗೆ. ಈ ವಯಸ್ಸು ನಿಜವಾಗಿ ಬದಲಾವಣೆ ಕೇಳುವುದು ಬೇರೆ ಕಡೆ: ಲಂಗದ ಲಾಡಿ, ಕಂಕುಳ ಸುತ್ತು, ಸೀರೆಯ ಭಾರ, ಲೈನಿಂಗ್ ಬಟ್ಟೆ. ಆ ನಾಲ್ಕೂ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ಯಾರೂ ಅವುಗಳ ಮಾತೆತ್ತುವುದಿಲ್ಲ. ಇಲ್ಲಿ ಹೇಳುವುದು ಹೆಚ್ಚಾಗಿ ಅವುಗಳದ್ದೇ.

ಮೊದಲು ಮೈಯ ವಿಷಯ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46ರ ಆಸುಪಾಸು. ಅದಕ್ಕೆ ನಾಲ್ಕೈದು ವರ್ಷ ಮುಂಚಿನಿಂದಲೇ ಮೈ ಬೇರೆ ದಾರಿ ಹಿಡಿದಿರುತ್ತದೆ. ತೂಕ ಅಷ್ಟೇ ಇದ್ದರೂ ತೊಡೆ, ಸೊಂಟದ ಹಿಂಭಾಗದಲ್ಲಿ ಸೇರುತ್ತಿದ್ದ ಕೊಬ್ಬು ಹೊಟ್ಟೆಗೆ ಬರುತ್ತದೆ. ತೋಳಿನ ಮೇಲ್ಭಾಗ ದಪ್ಪವಾಗುತ್ತದೆ. ಎದೆ ತುಂಬಿಕೊಂಡು ಕೆಳಗಿಳಿಯುತ್ತದೆ. ಭುಜ ಸ್ವಲ್ಪ ಮುಂದಕ್ಕೆ ಬಾಗಿ ಬೆನ್ನಿನ ಮೇಲ್ಭಾಗ ಉಬ್ಬುತ್ತದೆ. ಹೀಗಾಗಿ ತೂಕದ ಯಂತ್ರ ಏನೂ ಬದಲಾಗಿಲ್ಲ ಅಂದರೂ ಬ್ಲೌಸು ಹಿಡಿಯುತ್ತದೆ.

ಆದ್ದರಿಂದ ಅಳತೆ ಬ್ಲೌಸನ್ನು ಮನೆಯಲ್ಲೇ ಬಿಟ್ಟು ಮೈ ಅಳತೆ ಕೊಡಬೇಕು. ಯಾವ ಬ್ರಾ ಹಾಕಿಕೊಂಡು ಆ ಬ್ಲೌಸು ತೊಡುತ್ತೀರೋ ಅದನ್ನೇ ಹಾಕಿಕೊಂಡು ಹೋಗಬೇಕು; ಬ್ರಾ ಬದಲಾದರೆ ಎದೆಯ ಪಾಯಿಂಟ್, ಅಂದರೆ ಎದೆಯ ತುದಿ, ಅರ್ಧ ಇಂಚಿನಿಂದ ಒಂದು ಇಂಚಿನವರೆಗೆ ಜಾಗ ಬದಲಿಸುತ್ತದೆ. ಭುಜದಿಂದ ಪಾಯಿಂಟ್‌ವರೆಗಿನ ಅಳತೆಯನ್ನು ಕೇಳಿ ಬರೆಸಬೇಕು. ಮೂವತ್ತರಲ್ಲಿ ಒಂಬತ್ತೂವರೆ ಇಂಚು ಇದ್ದದ್ದು ಐವತ್ತರಲ್ಲಿ ಹತ್ತೂವರೆ, ಹನ್ನೊಂದು ಆಗಿರಬಹುದು. ಟಕ್ಸ್ ಮೊನೆ ಪಾಯಿಂಟ್‌ಗಿಂತ ಒಂದು ಇಂಚು ಕೆಳಗೆ ನಿಲ್ಲಬೇಕು. ಮೇಲೆ ಹೋದರೆ ಎದೆಯ ಮೇಲೆ ಅಡ್ಡ ಸುಕ್ಕು, ಕೆಳಗೆ ಖಾಲಿ ಜೋಲು. ಎದೆ ಸುತ್ತಳತೆಗಿಂತ ಬ್ಲೌಸು ಒಂದರಿಂದ ಒಂದೂವರೆ ಇಂಚು ಹೆಚ್ಚಿರಲಿ; 38 ಇದ್ದರೆ 39, ಹೆಚ್ಚೆಂದರೆ 39.5. ತೋಳಿನ ಸುತ್ತು ಅಳೆಯುವಾಗ ಕೈ ಇಳಿಬಿಟ್ಟು ಒಮ್ಮೆ, ಮೊಣಕೈ ಮಡಿಸಿ ಒಮ್ಮೆ ಅಳೆಸಿ, ದೊಡ್ಡದನ್ನು ಬರೆಸಿ. ಬೆನ್ನಿನ ಉದ್ದವನ್ನು ಮುಂದಿನ ಉದ್ದದಿಂದ ಬೇರೆಯಾಗಿ ಅಳೆಸಿ. ಎರಡೂ ಒಂದೇ ಅಂತ ಹೊಲಿದರೆ, ಬೆನ್ನು ಬಾಗಿದವರಿಗೆ ಬ್ಲೌಸು ಹಿಂದೆ ಮೇಲೇರುತ್ತಲೇ ಇರುತ್ತದೆ, ದಿನವಿಡೀ ಕೈ ಹಿಂದೆ ಹೋಗಿ ಎಳೆಯುವುದೇ ಕೆಲಸ.

ಹಿಂದಿನ ಕುತ್ತಿಗೆ ಹನ್ನೊಂದು ಇಂಚು ಇಳಿಸಿ ದಾರ ಕಟ್ಟಿಸುವ ಮಾದರಿ ಭುಜ ಇಳಿಜಾರಾದವರಿಗೆ ಕೂರುವುದಿಲ್ಲ. ಎಂಟು ಇಂಚಿನ ಒಳಗೆ ಇಟ್ಟು, ಅಗಲ ಕಮ್ಮಿ ಮಾಡಿಸಿದರೆ ಭುಜ ಜಾರದು. ಆಳ ಬೇಕೇ ಬೇಕು ಅನ್ನುವವರು ಮುಂದಿನ ಕುತ್ತಿಗೆಯನ್ನು ಕಮ್ಮಿ ಇಳಿಸಬೇಕು. ಎರಡೂ ಕಡೆ ಇಳಿಸಿದರೆ ಭುಜದ ಪಟ್ಟಿಗೆ ಹಿಡಿತವೇ ಇರುವುದಿಲ್ಲ.

ಬ್ರಾ ವಿಷಯಕ್ಕೂ ಒಂದು ಮಾತು, ಅಂಗಡಿಯಲ್ಲಿ ನಾಚಿಕೊಂಡು ಹಳೇ ನಂಬರನ್ನೇ ಹೇಳಿ ಬರುವವರು ಬಹಳ ಇದ್ದಾರೆ. ಎದೆಯ ಕೆಳಗಿನ ಸುತ್ತು ಒಂದು, ಎದೆಯ ತುಂಬು ಸುತ್ತು ಒಂದು, ಎರಡೂ ಅಳೆಯಿರಿ. ವ್ಯತ್ಯಾಸ ಎರಡು ಇಂಚಾದರೆ ಬಿ, ಮೂರಾದರೆ ಸಿ, ನಾಲ್ಕಾದರೆ ಡಿ. ಭಾರ ಹೊರಬೇಕಾದದ್ದು ಎದೆಯ ಕೆಳಗಿನ ಪಟ್ಟಿ. ಅದು ಸಡಿಲವಾಗಿದ್ದರೆ ಬೆನ್ನ ಹಿಂದೆ ಮೇಲೇರುತ್ತದೆ, ಇಡೀ ಭಾರ ಭುಜದ ಪಟ್ಟಿಗೆ ಬಿದ್ದು ಅಲ್ಲಿ ಗುಳಿ ಬೀಳುತ್ತದೆ. ಭುಜ ನೋವು ಅಂತ ಎಣ್ಣೆ ಹಚ್ಚುವ ಮುಂಚೆ ಆ ಗುಳಿಯನ್ನೊಮ್ಮೆ ನೋಡಿಕೊಳ್ಳಬೇಕು.

ಇಷ್ಟು ಹೇಳುವಾಗ ನಮ್ಮ ಅಜ್ಜಿಯರ ಕುಪ್ಪಸ ನೆನಪಿಗೆ ಬರದೆ ಇರುವುದಿಲ್ಲ. ಗುಳೇದಗುಡ್ಡದ ಖಣದಲ್ಲಿ ಹೊಲಿದ, ಮುಂದೆ ಎರಡು ತುದಿ ಸೇರಿಸಿ ಗಂಟು ಹಾಕುವ ಕುಪ್ಪಸ. ಅದಕ್ಕೆ ಹುಕ್ಕಿಲ್ಲ, ಟಕ್ಸ್ ಇಲ್ಲ. ಬಸುರಿಯಾದಾಗ ಗಂಟು ಸಡಿಲ, ಬಾಣಂತನದಲ್ಲಿ ಬಿಚ್ಚಲು ಸಲೀಸು, ಮೈ ಬಂದಾಗ ಇನ್ನೊಂಚೂರು ಸಡಿಲ, ಮುಪ್ಪಿನಲ್ಲಿ ಮೈ ಇಳಿದಾಗ ಮತ್ತೆ ಬಿಗಿ. ಒಂದು ಕುಪ್ಪಸ ಮೈಯ ಎಲ್ಲ ಕಾಲಕ್ಕೂ ಹೊಂದಿಕೊಳ್ಳುತ್ತಿತ್ತು. ಹುಕ್ಕಿನ ಬ್ಲೌಸು ಬಂದ ಮೇಲೆ ಹೊಲಿದ ದಿನದ ಮೈಯನ್ನೇ ಬಟ್ಟೆ ಹಿಡಿದಿಟ್ಟುಕೊಂಡಿತು. ಗಂಟಿನ ಕುಪ್ಪಸಕ್ಕೆ ಎಲ್ಲರೂ ಮರಳಬೇಕು ಅಂತಲ್ಲ. ಆದರೆ ಅದರಲ್ಲಿದ್ದ ಹೊಂದಿಕೊಳ್ಳುವ ಗುಣವನ್ನು ಈಗಿನ ಬ್ಲೌಸಿಗೂ ತರಬಹುದು, ಅದರ ದಾರಿ ಮಾರ್ಜಿನ್.

ಟೈಲರಿಗೆ ಹೊಲಿಯುವ ಮುಂಚೆಯೇ ಹೇಳಬೇಕು: ಎರಡು ಪಕ್ಕಕ್ಕೂ ಒಳಗೆ ಒಂದೂವರೆ ಇಂಚು ಬಟ್ಟೆ ಬಿಡಿ ಅಂತ. ಒಂದು ಪಕ್ಕದ ಹೊಲಿಗೆಯಲ್ಲಿ ಮುಂದಿನ ಭಾಗ ಒಂದು, ಹಿಂದಿನ ಭಾಗ ಒಂದು. ಎರಡು ಪಕ್ಕಕ್ಕೆ ನಾಲ್ಕು ಪದರ. ಪ್ರತಿ ಪದರದಲ್ಲೂ ಅರ್ಧ ಇಂಚು ಬಿಚ್ಚಿದರೆ ಎರಡು ಇಂಚು ಸಿಗುತ್ತದೆ, ಒಂದು ಇಂಚು ಬಿಚ್ಚಿದರೆ ನಾಲ್ಕು. ಕೊನೆಯ ಅರ್ಧ ಇಂಚು ಹೊಲಿಗೆ ನಿಲ್ಲಲು ಬೇಕು. ಇದೇ ಮಾರ್ಜಿನ್ ತೋಳಿನ ಕೆಳ ಹೊಲಿಗೆಯಲ್ಲೂ ಇರಲೇಬೇಕು, ಇದನ್ನು ಹೇಳಲು ಮರೆಯುವವರೇ ಹೆಚ್ಚು. ಮೈಗೆ ನಾಲ್ಕು ಇಂಚು ಸಿಕ್ಕಿ ತೋಳಿಗೆ ಏನೂ ಸಿಗದಿದ್ದರೆ ಕಂಕುಳು ಕೂಡುವುದೇ ಇಲ್ಲ. ಇನ್ನೊಂದು: ಎಳೆ ಬಿಚ್ಚದಂತೆ ಅಂಚಿಗೆ ಓವರ್‌ಲಾಕ್ ಹೊಲಿಗೆ ಹಾಕುವಾಗ ಎರಡು ಪದರ ಸೇರಿಸಿ, ಹೆಚ್ಚಿನ ಬಟ್ಟೆ ಕತ್ತರಿಸಿ ಹಾಕುತ್ತಾರೆ. ಒಂದೊಂದು ಪದರಕ್ಕೆ ಬೇರೆ ಬೇರೆ ಹಾಕಿ ಅನ್ನಬೇಕು. ಕತ್ತರಿಸಿ ಹೋದದ್ದು ಮತ್ತೆ ಬರುವುದಿಲ್ಲ.

ಹತ್ತಿ ಬ್ಲೌಸಿನಲ್ಲಿ ಹೊಲಿಗೆ ಬಿಚ್ಚಿದ ಗುರುತು ಎರಡು ಒಗೆತಕ್ಕೆ ಮಾಯ. ರೇಷ್ಮೆಯಲ್ಲಿ ಸೂಜಿಯ ತೂತಿನ ಸಾಲು ಉಳಿದುಬಿಡುತ್ತದೆ. ಹಾಗಾಗಿ ರೇಷ್ಮೆ ಬ್ಲೌಸನ್ನು ಮೊದಲ ಸಲವೇ ಕೊಂಚ ಸಡಿಲವಾಗಿ ಹೊಲಿಸಿ, ಬೇಕಾದರೆ ಒಳಗಡೆ ಹಿಡಿಸಿಕೊಳ್ಳುವುದೇ ಸರಿ. ಮಾರ್ಜಿನ್ ಇಲ್ಲದ ಹಳೇ ಬ್ಲೌಸು ಕಂಕುಳಲ್ಲಿ ಹಿಡಿಯುತ್ತಿದ್ದರೆ, ಅಲ್ಲಿ ಹೊಲಿಗೆ ಬಿಚ್ಚಿ ಅದೇ ಬಣ್ಣದ ಬಟ್ಟೆಯ ಎರಡೂವರೆ ಇಂಚಿನ ಚೌಕ ತುಂಡನ್ನು ಮೂಲೆ ಮೇಲಾಗಿ ಕೂರಿಸಬಹುದು. ಕೈ ಕೆಳಗಿದ್ದಾಗ ಕಾಣುವುದಿಲ್ಲ, ಎತ್ತಿದಾಗ ಎಳೆಯುವುದಿಲ್ಲ.

ಲೈನಿಂಗ್ ಬಟ್ಟೆಯನ್ನು ನೆನೆಸದೆ ಹೊಲಿಸುವುದು ನಮ್ಮ ಕಡೆ ಪದೇ ಪದೇ ಆಗುವ ತಪ್ಪು. ಹತ್ತಿ ಲೈನಿಂಗ್ ಮೊದಲ ಒಗೆತಕ್ಕೆ ಕುಗ್ಗುತ್ತದೆ, ಮೇಲಿನ ರೇಷ್ಮೆ ಅಥವಾ ಪಾಲಿಯೆಸ್ಟರ್ ಅಷ್ಟು ಕುಗ್ಗುವುದಿಲ್ಲ. ಹೊರಗಿನ ಬಟ್ಟೆ ಗುಳ್ಳೆಗುಳ್ಳೆಯಾಗಿ ನಿಲ್ಲುತ್ತದೆ. ಆಮೇಲೆ ಎಷ್ಟು ಇಸ್ತ್ರಿ ಮಾಡಿದರೂ ಅಷ್ಟೇ. ಲೈನಿಂಗನ್ನು ರಾತ್ರಿ ನೀರಲ್ಲಿ ನೆನೆಹಾಕಿ, ಹಿಂಡದೆ ಒಣಗಿಸಿ, ಇಸ್ತ್ರಿ ಮಾಡಿಯೇ ಟೈಲರಿಗೆ ಕೊಡಬೇಕು. ಬ್ರೊಕೇಡ್, ವರ್ಕ್ ಬ್ಲೌಸಿಗೆ ಮೈಗೆ ತಾಗುವಲ್ಲಿ ಕ್ರೇಪ್ ಲೈನಿಂಗ್ ಹಾಕುವುದು ವಾಡಿಕೆ. ನಯವಾಗಿರುತ್ತದೆ, ಬೆವರು ಮಾತ್ರ ಒಂದು ಹನಿಯೂ ಹೀರುವುದಿಲ್ಲ. "ಕಾಟನ್ ಲೈನಿಂಗೇ ಹಾಕ್ರಿ" ಅಂತ ಒತ್ತಿ ಹೇಳಿ. ಸಾದಾ ಬ್ಲೌಸಿಗೆ ಟೂ ಬೈ ಟೂ ರೂಬಿಯಾಕ್ಕಿಂತ ಒಳ್ಳೆಯ ಬಟ್ಟೆ ಈ ಬಿಸಿಲಿಗೆ ಇಲ್ಲ. ಸೀರೆಗೆ ಅಂಟಿ ಬರುವ 80 ಸೆಂಟಿಮೀಟರ್ ಪೀಸು ಎದೆ 40 ದಾಟಿದವರಿಗೆ, ಮೊಣಕೈವರೆಗಿನ ತೋಳಿಗೆ ಸಾಲುವುದಿಲ್ಲ, ಒಂದು ಮೀಟರ್ ಬೇಕು. ಸಾಲದ ಬಟ್ಟೆಯಲ್ಲಿ ಹೊಲಿದರೆ ಟೈಲರ್ ಕದಿಯುವುದು ಮಾರ್ಜಿನ್ನನ್ನೇ.

ಆ ಪೀಸನ್ನು ಕತ್ತರಿಸದೆ ಸೀರೆಯಲ್ಲೇ ಬಿಡುವುದಕ್ಕೆ ಇನ್ನೂ ಒಂದು ಕಾರಣವಿದೆ. ಸೀರೆ ಸೊಂಟಕ್ಕೆ ಹೆಚ್ಚುಕಮ್ಮಿ ಎರಡು ಸುತ್ತು ಬರುತ್ತದೆ. ಹಿಪ್ ಅಳತೆ 36 ಇದ್ದದ್ದು 46 ಆದರೆ ಸುತ್ತಿಗೇ 20 ಇಂಚು ಹೆಚ್ಚು ಬೇಕು. ಐದು ಇಂಚಗಲದ ಒಂದು ನಿರಿಗೆಗೆ ಹತ್ತು ಇಂಚು ಬಟ್ಟೆ ಹಿಡಿಯುತ್ತದೆ, ಅಂದರೆ ಎರಡು ನಿರಿಗೆ ಹೋಯಿತು. ಏಳು ನಿರಿಗೆ ಬರುತ್ತಿದ್ದ ಸೀರೆಗೆ ಐದೇ. ನಡೆಯುವಾಗ ಸೀರೆ ಕಾಲಿಗೆ ತೊಡರುವುದು, ಬಸ್ಸಿನ ಮೆಟ್ಟಿಲು ಹತ್ತುವಾಗ ಎಳೆದಂತಾಗುವುದು ಇದರಿಂದ. ಐದೂವರೆ ಮೀಟರ್ ಸೀರೆಗೆ 80 ಸೆಂಟಿಮೀಟರ್ ಉಳಿದರೆ ಕಳೆದುಹೋದ ನಿರಿಗೆಗಳು ವಾಪಸ್ ಬರುತ್ತವೆ. ಬ್ಲೌಸಿಗೆ ಹೊಂದುವ ಬೇರೆ ಬಟ್ಟೆ ತಂದರಾಯಿತು.

ಇನ್ನು ಲಂಗ. ನಡುವಯಸ್ಸಿನ ಉಡುಪಿನಲ್ಲಿ ತುರ್ತಾಗಿ ಸರಿಮಾಡಬೇಕಾದದ್ದು ಯಾವುದು ಅಂದರೆ ಬ್ಲೌಸೂ ಅಲ್ಲ, ಸೀರೆಯೂ ಅಲ್ಲ, ಲಂಗದ ಲಾಡಿ. ಐದೂವರೆ ಮೀಟರ್ ಸೀರೆಯ ಭಾರವೆಲ್ಲ ಕಾಲಿಂಚು ಅಗಲದ ಒಂದು ಹುರಿಯ ಮೇಲೆ ನೇತಾಡುತ್ತದೆ. ಹೊಟ್ಟೆ ಮುಂದೆ ಬಂದಮೇಲೆ ಲಾಡಿ ಜಾರುತ್ತದೆ, ಜಾರುತ್ತದೆ ಅಂತ ಇನ್ನೂ ಬಿಗಿ ಕಟ್ಟುತ್ತಾರೆ. ರಾತ್ರಿ ಬಿಚ್ಚಿದಾಗ ಸೊಂಟದ ಸುತ್ತ ಕಪ್ಪು ಗೆರೆ, ತುರಿಕೆ. ಬೇಸಿಗೆಯಲ್ಲಿ ಅಲ್ಲೇ ಬೆವರು ನಿಂತು ಹುಣ್ಣಾಗುತ್ತದೆ. 2024ರಲ್ಲಿ ಬಿಎಂಜೆ ಕೇಸ್ ರಿಪೋರ್ಟ್ಸ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ನಮ್ಮ ದೇಶದ ವೈದ್ಯರು ಇಬ್ಬರು ಹಿರಿಯ ಹೆಂಗಸರ ವಿಷಯ ಬರೆದಿದ್ದರು. ಹತ್ತಾರು ವರ್ಷ ಸೊಂಟಕ್ಕೆ ಬಿಗಿಯಾಗಿ ಕಟ್ಟಿದ ಜಾಗದಲ್ಲಿ ವಾಸಿಯಾಗದ ಹುಣ್ಣಾಗಿ, ಅದು ಚರ್ಮದ ಕ್ಯಾನ್ಸರಿಗೆ ತಿರುಗಿತ್ತು. ಇದು ತೀರಾ ಅಪರೂಪ, ಹೆದರಬೇಕಾಗಿಲ್ಲ. ಆದರೆ ಸೊಂಟದ ಗೆರೆಯಲ್ಲಿ ತಿಂಗಳಾದರೂ ಮಾಯದ ಹುಣ್ಣಿದ್ದರೆ ಪೌಡರ್ ಹಾಕಿಕೊಂಡು ಕೂರದೆ ಚರ್ಮದ ಡಾಕ್ಟರಿಗೆ ತೋರಿಸಲೇಬೇಕು.

ಪರಿಹಾರ ಸರಳ. ಆರು ಕಳಿಯ (ಆರು ತುಂಡು ಕೂಡಿಸಿದ) ಹತ್ತಿ ಪಾಪ್ಲಿನ್ ಲಂಗಕ್ಕೆ ಎರಡೂವರೆಯಿಂದ ಮೂರು ಇಂಚು ಅಗಲದ ಪಟ್ಟಿ ಕೂರಿಸಿ. ಪಟ್ಟಿಯ ಮುಂದಿನ ಅರ್ಧ ಚಪ್ಪಟೆ ಇರಲಿ, ಹಿಂದಿನ ಅರ್ಧಕ್ಕೆ ಒಂದೂವರೆ ಇಂಚಿನ ಇಲಾಸ್ಟಿಕ್ ಹಾಕಿಸಿ. ಪಕ್ಕದಲ್ಲಿ ಪ್ಯಾಂಟಿನ ದಪ್ಪ ಹುಕ್ಕು ಎರಡು ಸಾಲು ಇರಲಿ, ಒಂದು ಬೆಳಗಿಗೆ, ಇನ್ನೊಂದು ಊಟವಾದ ಮೇಲೆ. ಸೊಂಟವನ್ನು ನಿಂತು ಒಮ್ಮೆ, ಕುರ್ಚಿಯಲ್ಲಿ ಕೂತು ಒಮ್ಮೆ ಅಳೆಯಿರಿ. ಕೂತಾಗ ಎರಡು ಇಂಚಿನವರೆಗೆ ಹೆಚ್ಚುತ್ತದೆ. ಶಾಲೆಯಲ್ಲಿ, ಬ್ಯಾಂಕಿನಲ್ಲಿ, ಕಚೇರಿಯಲ್ಲಿ ದಿನದ ಬಹುಪಾಲು ಕೂತೇ ಇರುವವರಿಗೆ ಆ ಅಳತೆಯೇ ನಿಜವಾದದ್ದು. ಈಗ ಬಂದಿರುವ ಮೈಗೆ ಅಂಟುವ ಸೀರೆ ಶೇಪ್‌ವೇರ್ ಫೋಟೋಕ್ಕೆ ಚೆನ್ನಾಗಿ ಕಾಣುತ್ತದೆ, ನಿಜ. ನೈಲಾನಿನದ್ದು, ಗಾಳಿ ಆಡುವುದಿಲ್ಲ, ಮಂಡಿ ಅಗಲಿಸಲು ಬಿಡುವುದಿಲ್ಲ. ಜಗಳೂರಿಗೋ ಹೊಸದುರ್ಗಕ್ಕೋ ದಿನಾ ಬಸ್ಸು ಹತ್ತುವವರು ಅದನ್ನು ಕೊಳ್ಳುವ ಮುಂಚೆ ಅಂಗಡಿಯಲ್ಲೇ ಒಂದೂಕಾಲಡಿ ಎತ್ತರದ ಸ್ಟೂಲಿನ ಮೇಲೆ ಕಾಲಿಟ್ಟು ನೋಡಬೇಕು.

ಮೈ ಬಿಸಿಯಾಗುವ ವಿಷಯ ಇನ್ನೂ ಬಾಯಿಬಿಟ್ಟು ಹೇಳಲು ಹಿಂಜರಿಯುವಂಥದ್ದು. ಎದೆಯಿಂದ ಕುತ್ತಿಗೆ, ಮುಖಕ್ಕೆ ಝಳ ಏರಿ, ಕೆಲವು ನಿಮಿಷ ಇದ್ದು, ಬೆವರಾಗಿ ಇಳಿದು, ಆಮೇಲೆ ಚಳಿ ಹುಟ್ಟುತ್ತದೆ. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ, 38 ಡಿಗ್ರಿಯಲ್ಲಿ, ಇದು ಬಂದರೆ ಪಾಲಿಯೆಸ್ಟರ್ ಸೀರೆಯೊಳಗೆ ಇರುವುದು ಬಹಳ ಕಷ್ಟ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿದು. ಈಗ ಅದೇ ಪೇಟೆಯಲ್ಲಿ "ಕಾಟನ್ನೇ ರೀ" ಅಂತ ಕೊಡುವ ಎಷ್ಟೋ ಬಟ್ಟೆಯಲ್ಲಿ ಅರ್ಧಕ್ಕರ್ಧ ಪಾಲಿಯೆಸ್ಟರ್ ಇರುತ್ತದೆ. ಪರೀಕ್ಷೆ ಮನೆಯಲ್ಲೇ ಮಾಡಬಹುದು. ಸೀರೆಯ ಒಳತುದಿಯಿಂದ ಉದ್ದದ ಎಳೆ ಒಂದು, ಅಡ್ಡದ ಎಳೆ ಒಂದು ಕಿತ್ತು ಚಿಮಟದಲ್ಲಿ ಹಿಡಿದು ದೀಪಕ್ಕೆ ಒಡ್ಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಕರಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡೂ ಎಳೆ ಸುಟ್ಟು ನೋಡಬೇಕು, ಒಂದು ಹತ್ತಿಯಾಗಿ ಇನ್ನೊಂದು ಬೇರೆಯಾಗಿರುವುದು ಬಹಳ ಸಾಮಾನ್ಯ. ಮಗ್ಗದ ಇಳಕಲ್ ಸೀರೆಯ ಹೆಸರಲ್ಲಿ ಬರುವ ಪವರ್‌ಲೂಮ್ ನಕಲಿಗೆ ಈ ಪರೀಕ್ಷೆ ಬೇಕೇ ಬೇಕು.

ಹತ್ತಿ ಒಡಲಿನ ಇಳಕಲ್ ಸೀರೆ ಈ ವಯಸ್ಸಿಗೆ, ಈ ಊರಿಗೆ ಹೇಳಿ ಮಾಡಿಸಿದ್ದು. ಒಡಲು ಬೆವರು ಹೀರುತ್ತದೆ, ದಡಿ ಭಾರವಾಗಿದ್ದು ಸೀರೆಯನ್ನು ಕೆಳಗೆ ಹಿಡಿದಿಡುತ್ತದೆ, ಕೆಂಪಿನ ಮೇಲೆ ಬಿಳಿ ವಿನ್ಯಾಸದ ಟೋಪ್ ತೆನಿ ಸೆರಗಿನಿಂದ ಸಾದಾ ಸೀರೆಗೂ ಹಬ್ಬದ ಕಳೆ ಬರುತ್ತದೆ. ಹೊಸದರಲ್ಲಿ ಬಿರುಸಾಗಿದ್ದು ಸೊಂಟದ ಹತ್ತಿರ ಉಬ್ಬಿ ನಿಲ್ಲುತ್ತದೆ. ಮೂರ್ನಾಲ್ಕು ಒಗೆತ ಆಗುವವರೆಗೆ ತಾಳ್ಮೆ ಬೇಕು, ಗಂಜಿ ಹಾಕುವುದು ಬೇಡ. ಕೆಂಪು, ದಾಳಿಂಬೆ ಬಣ್ಣದವು ಮೊದಲ ಎರಡು ಮೂರು ಸಲ ಬಣ್ಣ ಬಿಡುತ್ತವೆ. ಉಪ್ಪು ಹಾಕಿದರೆ ಬಣ್ಣ ಕಟ್ಟುತ್ತದೆ ಅನ್ನುವ ನಂಬಿಕೆ ಇದೆ, ಆಗಲೇ ಅದ್ದಿ ತಂದ ಬಟ್ಟೆಗೆ ಉಪ್ಪಿನಿಂದ ಏನೂ ಆಗದು. ಬೇರೆಯಾಗಿ, ತಣ್ಣೀರಲ್ಲಿ, ನೆನೆಹಾಕದೆ ಒಗೆದು ನೆರಳಲ್ಲಿ ಒಣಗಿಸುವುದೊಂದೇ ಮಾರ್ಗ.

ಚಿತ್ರದುರ್ಗದ ಕಡೆಯವರಿಗೆ ನೀರಿನದೂ ಗಾಳಿಯದೂ ಲೆಕ್ಕ ಬೇರೆ. ಬೋರ್‌ವೆಲ್ಲಿನ ಗಡಸು ನೀರಲ್ಲಿ ಬಾರ್ ಸೋಪು ನೊರೆ ಕಟ್ಟದೆ, ಸುಣ್ಣದಂಶದ ಜೊತೆ ಸೇರಿ ಬಟ್ಟೆಯಲ್ಲೇ ಉಳಿಯುತ್ತದೆ. ಮೆತ್ತಗಿದ್ದ ಮಲ್‌ಮಲ್ ಆರು ತಿಂಗಳಲ್ಲಿ ಬಿರುಸಾಗಿ, ಬಿಳಿ ಲಂಗ ಬೂದಿ ಬಣ್ಣಕ್ಕೆ ಬಂದು, ಮೊದಲೇ ಒಣಗಿದ ಚರ್ಮವನ್ನು ಕೆರೆಯುತ್ತದೆ. ಇಲ್ಲಿ ದ್ರವದ ಡಿಟರ್ಜೆಂಟ್ ಬಳಸಿ, ಕೊನೆಯ ಜಾಲಿಸುವ ಬಕೆಟ್ಟಿಗೆ ಎರಡು ಚಮಚ ಬಿಳಿ ವಿನೆಗರ್ ಹಾಕಿದರೆ ಹತ್ತಿ ಮೆತ್ತಗಾಗುತ್ತದೆ. ಜರಿ ಇರುವುದಕ್ಕೆ ಮಾತ್ರ ಇದನ್ನು ಮುಟ್ಟಿಸಬಾರದು. ಗಾಳಿಯೋ, ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿರುವ ಊರು. ಆಷಾಢದಲ್ಲಿ ಜಾರ್ಜೆಟ್, ಶಿಫಾನ್ ಸೀರೆ ಉಟ್ಟು ಹೊರಟರೆ ಎರಡು ಕೈಯೂ ಸೀರೆಗೇ ಬೇಕು. ದಡಿ ಇರುವ ಹತ್ತಿ, ಫಾಲ್ಸ್ ಹಾಕಿದ ಅಂಚು, ಭುಜದ ಒಂದು ಪಿನ್ನಿನ ಜೊತೆ ನಿರಿಗೆಯ ಮಂಡಿ ಮಟ್ಟದಲ್ಲಿ ಒಳಗಿನಿಂದ ಇನ್ನೊಂದು ಪಿನ್ನು, ಇಷ್ಟಿದ್ದರೆ ಸಾಕು.

ರಾತ್ರಿ ಬೆವರುವವರು ಸಾಟಿನ್, ಪಾಲಿಯೆಸ್ಟರ್ ನೈಟಿಗಳನ್ನು ಬೀರುವಿನಿಂದ ತೆಗೆದೇಬಿಡಲಿ. ಮುಂದೆ ಹೊಟ್ಟೆಯವರೆಗೆ ಗುಂಡಿ ಇರುವ ತೆಳು ಹತ್ತಿಯದ್ದು ನಾಲ್ಕು ಇದ್ದರೆ, ಒಂದನ್ನು ಒಂದು ಟವೆಲ್ಲಿನ ಜೊತೆ ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಳ್ಳಬಹುದು. ನಡುರಾತ್ರಿ ದೀಪ ಹಾಕಿ ಬೀರು ತಡಕಾಡಿದರೆ ಆಮೇಲೆ ನಿದ್ದೆ ಬರುವುದಿಲ್ಲ. ಮುಟ್ಟು ಏರುಪೇರಾಗುವ ಈ ಕಾಲದಲ್ಲಿ ಮದುವೆಗೆ ತಿಳಿ ಬಣ್ಣದ ರೇಷ್ಮೆ ಉಡುವಾಗ ಒಳಗೆ ಗಾಢ ಬಣ್ಣದ ಲಂಗವೇ ಇರಲಿ. ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ಹೋಗುತ್ತಿದ್ದರೆ, ಅಥವಾ ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ಕಂಡರೂ, ಅದು ಬಟ್ಟೆಯಲ್ಲಿ ಮುಚ್ಚುವ ವಿಷಯವಲ್ಲ. ಡಾಕ್ಟರನ್ನು ಕಾಣಬೇಕು.

ಸೀರೆಯೋ ಚೂಡಿದಾರವೋ ಅನ್ನುವ ಜಗಳದಲ್ಲಿ ನಮ್ಮ ಪಕ್ಷ ಮಂಡಿ, ಭುಜಗಳ ಕಡೆ. ನಲವತ್ತರಿಂದ ಅರವತ್ತರ ನಡುವೆ ಭುಜ ಹಿಡಿದುಕೊಳ್ಳುವ ಕಾಯಿಲೆ ಹೆಂಗಸರಲ್ಲೇ ಹೆಚ್ಚು, ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ಹೆಚ್ಚು. ಕೈ ಹಿಂದಕ್ಕೆ ಹೋಗುವುದಿಲ್ಲ, ಮೇಲೇಳುವುದಿಲ್ಲ. ಅಂಥವರಿಗೆ ಹಿಂದೆ ಹುಕ್ಕಿರುವ ಬ್ಲೌಸೂ ಆಗದು, ತಲೆ ಮೇಲಿನಿಂದ ಹಾಕುವ ಬಿಗಿ ಕುರ್ತಾವೂ ಆಗದು. ಮುಂದೆ ಹುಕ್ಕಿನ ಬ್ಲೌಸು, ಅಥವಾ ಎದೆಯ ಕೆಳಗಿನವರೆಗೆ ಗುಂಡಿಪಟ್ಟಿ ಇರುವ ಕುರ್ತಾ ಸಲೀಸು. ನೋವಿರುವ ಕೈಯನ್ನು ಮೊದಲು ತೂರಿಸಬೇಕು, ತೆಗೆಯುವಾಗ ಅದೇ ಕೈ ಕೊನೆಗೆ.

ರೆಡಿಮೇಡ್ ಕುರ್ತಾ ಕೊಳ್ಳುವಾಗ ಡಬಲ್ ಎಕ್ಸೆಲ್ ಎದೆಗೆ ಸರಿಹೋಗಿ ಭುಜ ಒಂದು ಇಂಚು ಕೆಳಗೆ ಬೀಳುವುದು ಎಲ್ಲರ ದೂರು. ಸೈಜು ಹೆಚ್ಚಿದಂತೆ ಕಂಪನಿಯವರು ಭುಜವನ್ನೂ ಅಗಲ ಮಾಡುತ್ತಾರೆ, ನಮ್ಮ ಎಲುಬು ಅಗಲವಾಗಿರುವುದಿಲ್ಲ. ಆದರೂ ಎದೆ, ಹೊಟ್ಟೆ, ಹಿಪ್ ಮೂರರಲ್ಲಿ ಯಾವುದು ದೊಡ್ಡದೋ ಅದಕ್ಕೆ ಮೂರು ನಾಲ್ಕು ಇಂಚು ಸಡಿಲ ಇರುವುದನ್ನೇ ಕೊಂಡು ಭುಜ ಹಿಡಿಸಿಕೊಳ್ಳಿ. ರೆಡಿಮೇಡಿನಲ್ಲಿ ಮಾರ್ಜಿನ್ ಅರ್ಧ ಇಂಚೂ ಇರುವುದಿಲ್ಲ, ಆದ್ದರಿಂದ ಚಿಕ್ಕದನ್ನು ದೊಡ್ಡದು ಮಾಡಲಾಗದು. ಪಕ್ಕದ ಸೀಳು ಹೊಟ್ಟೆಯ ಉಬ್ಬಿಗಿಂತ ಕೆಳಗೆ ಶುರುವಾಗಬೇಕು, ಇಲ್ಲದಿದ್ದರೆ ನಡೆದಾಗಲೆಲ್ಲ ಬಾಯಿ ತೆರೆಯುತ್ತದೆ. ಹತ್ತಿಯ ಕುರ್ತಾ ಉದ್ದ ಒಂದೂವರೆ ಇಂಚು ಹೆಚ್ಚೇ ಇರಲಿ, ಮೊದಲ ಒಗೆತಕ್ಕೆ ಅದು ಹೋಗುತ್ತದೆ. ಹೊಲಿಸುವುದಾದರೆ ಬಲಗಡೆ ಹೊಲಿಗೆಯಲ್ಲಿ ಆರು ಇಂಚು ಅಗಲ, ಒಂಬತ್ತು ಇಂಚು ಆಳದ ಜೇಬು ಇಡಿಸಿ. ಮೊಬೈಲು, ಮನೆ ಕೀಲಿ, ಗುಳಿಗೆ ಎಲ್ಲ ಹಿಡಿಯುತ್ತದೆ. ಹೆಂಗಸರ ಬಟ್ಟೆಗೆ ಜೇಬು ಏಕೆ ಅಂತ ಕೇಳುವ ಟೈಲರಿಗೆ ಉತ್ತರ ಕೊಡುವ ಅಗತ್ಯವಿಲ್ಲ.

ಬಣ್ಣದ ಮಾತಿಗೆ ಬಂದರೆ, "ಈ ವಯಸ್ಸಿಗೆ ತಿಳಿ ಬಣ್ಣ" ಅನ್ನುವುದು ರೂಢಿಯ ಮಾತು ಮಾತ್ರ. ಕೂದಲು ನೆರೆತು, ಮುಖದ ಕಳೆ ಮಾಸಿದಾಗ ಕೆನೆ ಬಣ್ಣ, ಬೂದಿ ಬಣ್ಣ ಮುಖವನ್ನು ಇನ್ನಷ್ಟು ಸಪ್ಪೆ ಮಾಡುತ್ತವೆ. ನವಿಲು ಹಸಿರು, ಮರೂನ್, ಅರಿಶಿನ, ರಾಮಾ ಗ್ರೀನ್ ಮುಖಕ್ಕೆ ಕಳೆ ಕೊಡುತ್ತವೆ. ಸೆರಗನ್ನು ಗಲ್ಲದ ಕೆಳಗೆ ಹಿಡಿದು ಅಂಗಡಿಯ ಬಾಗಿಲಿಗೆ ಬಂದು, ಹಗಲ ಬೆಳಕಲ್ಲಿ ಕನ್ನಡಿ ನೋಡಿ. ಗಂಡ ತೀರಿಕೊಂಡವರಿಗೆ ಬಣ್ಣ ಬಿಡಿ ಅನ್ನುವ ಮಾತು ನಮ್ಮ ಮನೆಗಳಲ್ಲಿ ಇನ್ನೂ ಕೇಳುತ್ತದೆ. ಅದು ಕ್ರೂರ. ಹಸಿರು ಸೀರೆ ಉಡಬೇಕು ಅನ್ನಿಸಿದವರು ಉಡಲಿ, ಪಕ್ಕದಲ್ಲಿ ಕೂತವರು ಚೆನ್ನಾಗಿದೆ ಅನ್ನಲಿ.

ರೇಷ್ಮೆಯ ವಿಷಯದಲ್ಲಿ ದೂರ ಹೋಗಬೇಕಿಲ್ಲ, ಮೊಳಕಾಲ್ಮೂರು ಪಕ್ಕದ ಚಿತ್ರದುರ್ಗ ಜಿಲ್ಲೆಯದೇ. ಒಡಲಿಗೂ ಅಂಚಿಗೂ ಬೇರೆ ಬೇರೆ ಲಾಳಿ ಓಡಿಸಿ ಎರಡು ಬಣ್ಣವನ್ನು ಕೂಡಿಸಿ ನೇಯುವ ಈ ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ. ನಡುವಯಸ್ಸಿನವರು ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ತೂಕದ್ದು. ಭಾರ ಇರುವುದು ಜರಿಯಲ್ಲಿ. ಆರು ಇಂಚಿನ ಜರಿ ಅಂಚು, ತುಂಬು ಜರಿ ಸೆರಗು ಇದ್ದರೆ ಅಕ್ಷತೆ ಬೀಳುವ ಹೊತ್ತಿಗೆ ಎಡಭುಜ ಸೋತಿರುತ್ತದೆ. ಎರಡು ಇಂಚಿನ ಅಂಚು, ಒಡಲಲ್ಲಿ ಚಿಕ್ಕ ಬುಟ್ಟಾ, ಹಗುರ ಸೆರಗು ಇರುವುದನ್ನು ತೆಗೆಸಿ, ಸೆರಗು ಹೆಗಲಿಗೆ ಹಾಕಿ ಹತ್ತು ನಿಮಿಷ ಅಂಗಡಿಯಲ್ಲೇ ಕೂತು ನೋಡಿ. ಮನೆಯಲ್ಲಿ ಹಳೇ ಹತ್ತಿ ಪಂಚೆಯಲ್ಲಿ ಸುತ್ತಿಡಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ನುಸಿಗುಳಿಗೆ ಜರಿಗೆ ತಾಗದಿರಲಿ. ಉಟ್ಟು ಬಂದ ರಾತ್ರಿಯೇ ಮಡಿಸಬೇಡಿ. ಬೆವರು ಜರಿಯ ಬೆಳ್ಳಿಯನ್ನು ಕಪ್ಪು ಮಾಡುತ್ತದೆ, ಫ್ಯಾನಿನ ಗಾಳಿಗೆ ಒಂದು ದಿನ ಹರವಿರಲಿ.

ಮಾಘದಿಂದ ಜ್ಯೇಷ್ಠದವರೆಗೆ ಟೈಲರುಗಳಿಗೆ ಉಸಿರಾಡಲು ಬಿಡುವಿಲ್ಲ, ಮದುವೆಗೆ ನಾಲ್ಕು ವಾರ ಮುಂಚೆಯೇ ಬಟ್ಟೆ ಕೊಡಬೇಕು, ವಾರ ಮುಂಚೆ ಹಾಕಿ ನೋಡಬೇಕು. ಹಾಕಿ ನೋಡುವುದು ಅಂದರೆ ನೆಟ್ಟಗೆ ನಿಂತು ಕನ್ನಡಿ ನೋಡುವುದಲ್ಲ. ಅಟ್ಟದ ಡಬ್ಬಿ ತೆಗೆಯುವಂತೆ ಎರಡೂ ಕೈ ಎತ್ತಿ, ಪಂಕ್ತಿಯಲ್ಲಿ ಕೂರುವಂತೆ ಚಕ್ಕಳಮಕ್ಕಳ ಕೂತು, ರ‍್ಯಾಕಿನ ಕೆಳಗಿನ ಚಪ್ಪಲಿ ಎತ್ತುವಂತೆ ಬಗ್ಗಿ ನೋಡಬೇಕು. ಮೂರರಲ್ಲೂ ಎಲ್ಲೂ ಕೈ ಹಾಕಿ ಸರಿಮಾಡಿಕೊಳ್ಳದಿದ್ದರೆ ಆ ಬ್ಲೌಸು ಗೆದ್ದಿತು. ಅದರ ಲೈನಿಂಗಿನ ಒಳಬದಿಗೆ ತಿಂಗಳು, ವರ್ಷ ಮಾರ್ಕರಿನಲ್ಲಿ ಬರೆದು, ಹೊಸ ಅಳತೆ ಬ್ಲೌಸು ಅಂತ ಬೇರೆ ಇಡಿ. ಎರಡು ವರ್ಷ ದಾಟಿದ ತಾರೀಕು ಅದರಲ್ಲಿ ಕಂಡರೆ, ಟೈಲರಿಗೆ ಬ್ಲೌಸು ಕೊಡದೆ ಟೇಪು ತೆಗೆಯಲು ಹೇಳಿ.